ಮರಗೆಲಸದ ಮೇಲೆ ಮಾಡಿದವರ ಹೆಸರು

ಬೆಂಗಳೂರಿನ ಬ್ರೂಕ್‌ಫೀಲ್ಡ್, ಕುಂದಲಹಳ್ಳಿ, ವೈಟ್‌ಫೀಲ್ಡ್ ಸುತ್ತಲಿನ ಅಪಾರ್ಟ್‌ಮೆಂಟುಗಳಲ್ಲಿ ಗೋಡೆಯ ಅಳತೆಗೆ ತಕ್ಕಂತೆ ಮಾಡಿಸಿದ ಬಟ್ಟೆಯ ಕಪಾಟು, ಅಡುಗೆಮನೆಯ ಖಾನೆಗಳು, ದೇವರ ಮಂಟಪ, ಮಕ್ಕಳ ಓದುವ ಮೇಜು ಮೊದಲಾದವುಗಳಿಗೆ ಬಳಸಿದ ಪ್ಲೈವುಡ್ ಹಲಗೆಯ ಮೇಲೆ ಅದನ್ನು ತಯಾರಿಸಿದ ಕಾರ್ಖಾನೆಯ ಹೆಸರೂ ಐಎಸ್‌ಐ ಗುರುತೂ ಅಚ್ಚಾಗಿರುತ್ತವೆ. ಸಾಮಾನ್ಯ ಬಳಕೆಯ ಹಲಗೆಯಾದರೆ ಐಎಸ್ 303, ನೀರನ್ನು ಹೆಚ್ಚು ತಡೆಯುವ ಮರೈನ್ ಹಲಗೆಯಾದರೆ ಐಎಸ್ 710 ಎಂಬ ಮಾನಕ ಸಂಖ್ಯೆಯೂ ಅದರ ಜೊತೆಗಿರುತ್ತದೆ. ಬಾಗಿಲಿನ ಕೀಲಿಗೆ, ಬೀಗಕ್ಕೆ, ಮೇಲೆ ಅಂಟಿಸಿದ ಲ್ಯಾಮಿನೇಟಿಗೆ, ಅಂಟಿನ ಡಬ್ಬಿಗೆ ಕೂಡ ಒಂದೊಂದು ಗುರುತುಂಟು. ಇವೆಲ್ಲವನ್ನೂ ಅಳೆದು, ಕೊಯ್ದು, ಮೂಲೆಗೆ ಮೂಲೆ ಸೇರಿಸಿ ನಿಲ್ಲಿಸಿದ ಬಡಗಿಯ ಹೆಸರು ಮಾತ್ರ ಆ ಕಪಾಟಿನ ಯಾವ ಭಾಗದಲ್ಲಿಯೂ ಸಿಗುವುದಿಲ್ಲ. ಹೆಚ್ಚೆಂದರೆ ಗೋಡೆಯ ಕಡೆಗಿರುವ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡ ಅಳತೆಯ ಲೆಕ್ಕ ಉಳಿದಿರುತ್ತದೆ, ಬಿಲ್ಲಿನಲ್ಲಿ ಗುತ್ತಿಗೆದಾರರ ಹೆಸರಿರುತ್ತದೆ.

ಇದೇ ಪ್ರದೇಶದಲ್ಲಿ ತಂತ್ರಾಂಶ ಕಂಪನಿಗಳಲ್ಲಿ ದುಡಿಯುತ್ತ, ವಾರದ ರಜೆಯಲ್ಲಿ ಮನೆಯ ಬಾಲ್ಕನಿಯಲ್ಲಿಯೋ ಬಾಡಿಗೆಗೆ ಸಿಗುವ ಕಾರ್ಯಾಗಾರದಲ್ಲಿಯೋ ಮರಗೆಲಸವನ್ನು ಹವ್ಯಾಸವಾಗಿ ಕಲಿಯುವವರ ಒಂದು ಸಣ್ಣ ವರ್ಗವೂ ಬೆಳೆದಿದೆ. ಇವರಲ್ಲಿ ಅನೇಕರು ತಮ್ಮ ಮೊದಲ ಮಣೆಗೋ ಬಟ್ಟಲಿಗೋ ಸಹಿ ಹಾಕುವುದನ್ನು, ಕಾಯಿಸಿದ ಮುದ್ರೆಯಿಂದ ಹೆಸರನ್ನು ಒತ್ತುವುದನ್ನು ಕೆಲಸದ ಕೊನೆಯ ಹಂತವೆಂದೇ ತಿಳಿಯುತ್ತಾರೆ, ಹಾಗೆ ತಿಳಿಯುವುದು ಸರಿಯಾಗಿಯೂ ಇದೆ. ಹವ್ಯಾಸಿಯ ಮೊದಲ ಮಣೆಗೆ ಸಹಿಯಿದ್ದು, ಜೀವಮಾನವಿಡೀ ಉಳಿ ಹಿಡಿದವರ ಕಪಾಟಿಗೆ ಸಹಿಯಿಲ್ಲದಿರುವ ಈ ವ್ಯತ್ಯಾಸ ಕೌಶಲದಿಂದ ಹುಟ್ಟಿದ್ದಲ್ಲವಾದ್ದರಿಂದ ಅದರ ಕಾರಣಗಳನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಕುಶಲಕರ್ಮಿಗಳು ತಮ್ಮ ಕೆಲಸಕ್ಕೆ ಹೆಸರು ಹಾಕುವ ಪದ್ಧತಿ ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಪಟ್ಟದಕಲ್ಲಿನಲ್ಲಿ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ, ಇಂದು ವಿರೂಪಾಕ್ಷ ದೇವಾಲಯವೆಂದು ಕರೆಯಲಾಗುವ ಗುಡಿಯ ಶಾಸನವು ಅದರ ಸೂತ್ರಧಾರಿಯಾದ, ಎಂದರೆ ನಿರ್ಮಾಣದ ಹೊಣೆ ಹೊತ್ತ ಮುಖ್ಯ ಶಿಲ್ಪಿಯಾದ ಗುಂಡ ಅನಿವಾರಿತಾಚಾರಿಯನ್ನು ಹೆಸರಿಸಿ, ಅವನಿಗೆ ದೊರೆತ ತ್ರಿಭುವನಾಚಾರಿ ಎಂಬ ಬಿರುದನ್ನೂ ದಾಖಲಿಸುತ್ತದೆ. ಅದು ಅರಮನೆಯ ಕಡೆಯಿಂದ ಸಂದ ಗೌರವದ ದಾಖಲೆ. ಹೊಯ್ಸಳರ ಕಾಲಕ್ಕೆ ಬರುವಾಗ ಪರಿಸ್ಥಿತಿ ಇನ್ನೂ ಮುಂದುವರಿದು, ಶಿಲ್ಪಿ ತಾನೇ ತನ್ನ ಉಳಿಯಿಂದ ತಾನು ಕಡೆದ ವಿಗ್ರಹದ ಪೀಠದಲ್ಲಿ ಹೆಸರು ಕೊರೆಯುವುದು ರೂಢಿಯಾಗಿ ಬಿಡುತ್ತದೆ.

1117ರಲ್ಲಿ ವಿಷ್ಣುವರ್ಧನನ ಆಳ್ವಿಕೆಯಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಮೊದಲಾದವರ ಸಹಿಗಳಿವೆ. ಈ ಸಹಿಗಳಲ್ಲಿ ಕೆಲವು ಹೆಸರಿನೊಂದಿಗೆ ಊರು, ತಂದೆ, ಬಿರುದುಗಳನ್ನೂ ಹೇಳುವುದರಿಂದ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಂತಹ ವಿದ್ಯಾಕೇಂದ್ರದ ಶಿಲ್ಪಿಗಳು ದೂರದ ಬೇಲೂರಿಗೆ ಹೋಗಿ ದುಡಿದ ಸಂಗತಿ ಇತಿಹಾಸಕಾರರಿಗೆ ತಿಳಿದುಬಂದಿದೆ. 1246ರ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಒಂದು ಪಾರ್ಶ್ವದ ವಿಗ್ರಹಗಳು ಬೈಚೋಜನವೆಂದೂ ಇನ್ನೊಂದು ಪಾರ್ಶ್ವದವು ಮಲ್ಲಿತಮ್ಮನವೆಂದೂ ಗುರುತಿಸಲು ಸಾಧ್ಯವಾಗಿರುವುದು ಈ ಸಹಿಗಳಿಂದಲೇ. ರೂವಾರಿ, ಎಂದರೆ ರೂಪಗಳನ್ನು ಕಡೆಯುವವನು ಎಂಬ ಉಪಾಧಿಯುಳ್ಳ ಈ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಿಂದ ಆರಂಭಿಸಿ 13ನೆಯ ಶತಮಾನದ ಸೋಮನಾಥಪುರದವರೆಗೆ ಕಾಣಿಸಿಕೊಳ್ಳುತ್ತದೆ. ಅವನು ಪೂರ್ಣ ಹೆಸರನ್ನು ಕೊರೆಯುವ ಬದಲು ಕೆಲವೆಡೆ ‘ಮಲ್ಲಿ’ ಎಂದೂ, ಇನ್ನು ಕೆಲವೆಡೆ ‘ಮ’ ಎಂಬ ಒಂದೇ ಅಕ್ಷರವನ್ನೂ ಇಟ್ಟಿದ್ದಾನೆ. ಒಬ್ಬ ಕುಶಲಕರ್ಮಿಯ ಸುಮಾರು ಆರು ದಶಕಗಳ ವೃತ್ತಿಜೀವನವನ್ನು ಊರಿಂದೂರಿಗೆ ಹಿಂಬಾಲಿಸಲು ಅಷ್ಟು ಚಿಕ್ಕ ಗುರುತು ಸಾಕಾಗಿದೆ ಎಂಬುದು ಸಹಿಯ ಶಕ್ತಿಯ ಬಗ್ಗೆ ಯಾವ ವಾದಕ್ಕಿಂತಲೂ ಹೆಚ್ಚು ಹೇಳುತ್ತದೆ.

ಇದೇ ಸಂದರ್ಭದಲ್ಲಿ ಜಕ್ಕಣಾಚಾರಿಯ ಐತಿಹ್ಯವನ್ನೂ ನೆನೆಯಬೇಕು. ಬೇಲೂರಿನ ಶಿಲ್ಪವೆಂದೊಡನೆ ಜನಮನದಲ್ಲಿ ಮೂಡುವ ಹೆಸರು ಅವನದು, ರಾಜ್ಯ ಸರ್ಕಾರದ ಶಿಲ್ಪಕಲಾ ಪ್ರಶಸ್ತಿಯೂ ಅವನ ಹೆಸರಿನಲ್ಲಿಯೇ ಇದೆ. ಆದರೆ ಬೇಲೂರಿನಲ್ಲಿ ಓದಲಾಗಿರುವ ಸಹಿಗಳಲ್ಲಿ ಆ ಹೆಸರಿಲ್ಲ. ಐತಿಹ್ಯಕ್ಕೆ ಅದರದೇ ಆದ ಬೆಲೆಯಿದೆ, ಅದನ್ನು ಅಲ್ಲಗಳೆಯುವ ಅಗತ್ಯವೂ ಇಲ್ಲ. ಹಾಗಿದ್ದರೂ ಕಲ್ಲಿನ ಮೇಲೆ ತಾವೇ ಹೆಸರು ಬರೆದಿಟ್ಟುಹೋದ ದಾಸೋಜ, ಚಾವಣ, ಮಲ್ಲಿತಮ್ಮರು ಶಾಲಾ ಮಕ್ಕಳಿಗೂ ಅಷ್ಟೇ ಪರಿಚಿತರಾಗಬೇಕಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಾದರೂ ಆ ಕೆಲಸ ಆಗಬೇಕು.

ಕಲ್ಲಿನಲ್ಲಿ ಇಷ್ಟು ನಿಚ್ಚಳವಾಗಿ ಉಳಿದ ಪದ್ಧತಿ ಮರದಲ್ಲಿ ಕಾಣದಿರುವುದಕ್ಕೆ ಮೊದಲ ಕಾರಣ ವಸ್ತುವಿನದೇ. ಗೆದ್ದಲು, ತೇವ, ಬೆಂಕಿ ಇವು ಮೂರೂ ಮರದ ಶತ್ರುಗಳು. 1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಮದುವೆಯ ಸಂಭ್ರಮದ ನಡುವೆ ಬೆಂಕಿಗೆ ಆಹುತಿಯಾದಾಗ ಅದರ ಕಂಬ, ಬೋದಿಗೆ, ಬಾಗಿಲುಗಳ ಮೇಲೆ ಯಾರ ಗುರುತಿದ್ದರೂ ಅದು ಬೂದಿಯಾಯಿತು. ಉಳಿದುಬಂದ ಮರಗೆಲಸದ ಮೇಲೆ ಸಹ ವರ್ಷವರ್ಷವೂ ಎಣ್ಣೆ, ವಾರ್ನಿಷ್, ಬಣ್ಣ ಬಳಿಯುತ್ತ ಹೋಗುವುದರಿಂದ ಮೇಲುಮೇಲಿನ ಗುರುತುಗಳು ಮುಚ್ಚಿಹೋಗುತ್ತವೆ, ಉಜ್ಜಿ ಹೊಸದು ಮಾಡುವಾಗ ಅಳಿಸಿಯೂ ಹೋಗುತ್ತವೆ.

ಎರಡನೆಯ ಕಾರಣ ಸಾಮಾಜಿಕವಾದದ್ದು, ಹಾಗಾಗಿ ಹೆಚ್ಚು ಯೋಚಿಸಬೇಕಾದದ್ದು. ಕನ್ನಡಿಗರ ಮನೆಗಳಲ್ಲಿ ವಸ್ತುವಿನ ಮೇಲೆ ಹೆಸರು ಬರೆಸುವ ಅಭ್ಯಾಸ ಬಹಳ ಬಲವಾಗಿಯೇ ಇದೆ. ಮದುವೆ, ಗೃಹಪ್ರವೇಶ, ಆರತಿಗಳಿಗೆ ಕೊಡುವ ಹಿತ್ತಾಳೆ, ಸ್ಟೀಲ್ ಪಾತ್ರೆಗಳ ಮೇಲೆ ಕೊಟ್ಟವರ ಹೆಸರನ್ನೂ ದಿನಾಂಕವನ್ನೂ ಅಂಗಡಿಯಲ್ಲಿಯೇ ಕೊರೆಸಲಾಗುತ್ತದೆ. ದೇವಸ್ಥಾನದ ಮೆಟ್ಟಿಲು, ಗಂಟೆ, ಕಲ್ಲುಬೆಂಚುಗಳ ಮೇಲೆ ದಾನಿಗಳ ಹೆಸರಿರುತ್ತದೆ. ತೇರನ್ನು ಮಾಡಿಸಿಕೊಟ್ಟವರ ಹೆಸರೂ ಹೀಗೆಯೇ ಎದ್ದು ಕಾಣುತ್ತದೆ. ಹೆಸರಿನ ಜಾಗ ಕೊಡುವವರಿಗೆ ಮತ್ತು ಪಡೆಯುವವರಿಗೆ ಮೀಸಲಾಗಿ, ಮಾಡಿದವರಿಗೆ ಕೂಲಿ ಸಂದಿದೆ ಎಂಬ ಭಾವನೆಯಲ್ಲಿ ಅವರ ಸಂಬಂಧ ಅಲ್ಲಿಗೇ ಮುಗಿದಿರುತ್ತದೆ. ಕುಂದಾಪುರದ ಬಳಿಯ ಕೋಟೇಶ್ವರದ ರಥಶಿಲ್ಪಿ ಲಕ್ಷ್ಮೀನಾರಾಯಣ ಆಚಾರ್ಯರಂತೆ ತೇರಿನೊಂದಿಗೆ ಹೆಸರೂ ನಾಡಿಗೆ ಪರಿಚಿತವಾದವರು ಇದ್ದಾರೆ, ಆದರೆ ಅಂತಹ ಪ್ರಸಿದ್ಧಿ ಕೆಲವರಿಗಷ್ಟೇ ಒಲಿಯುತ್ತದೆ. ಊರಿನ ತೊಟ್ಟಿಲು, ತುರೆಮಣೆ, ನೇಗಿಲು, ಬಾಗಿಲುವಾಡಗಳನ್ನು ಮಾಡಿಕೊಟ್ಟ ಆಚಾರಿಗಳ ಹೆಸರು ಒಂದೆರಡು ತಲೆಮಾರುಗಳ ನೆನಪಿನಲ್ಲಿ ಮಾತ್ರ ಉಳಿಯುತ್ತದೆ.

ಮೂರನೆಯದಾಗಿ, ಕರ್ನಾಟಕದ ಹೆಸರಾಂತ ಮರದ ಕಲೆಗಳಲ್ಲಿ ಒಂದು ವಸ್ತು ಹಲವು ಕೈಗಳನ್ನು ದಾಟಿ ಬರುತ್ತದೆ. ಮೈಸೂರಿನ ಇನ್‌ಲೇ ಕೆಲಸದಲ್ಲಿ, ಎಂದರೆ ಬೀಟೆ ಮರದ ಹಲಗೆಯಲ್ಲಿ ಚಿತ್ರದ ಆಕಾರಕ್ಕೆ ಕುಳಿ ತೋಡಿ ಬೇರೆ ಬಣ್ಣದ ಮರದ ತುಣುಕುಗಳನ್ನು ಕೂರಿಸುವ ಕಲೆಯಲ್ಲಿ, ಚಿತ್ರ ಬರೆಯುವವರು, ತುಣುಕು ಕತ್ತರಿಸುವವರು, ಕೂರಿಸುವವರು, ಮೆರುಗು ಕೊಡುವವರು ಬೇರೆ ಬೇರೆಯಾಗಿರುವುದು ಸಾಮಾನ್ಯ. ಹಿಂದೆ ಇದಕ್ಕೆ ಆನೆಯ ದಂತವನ್ನೂ ಬಳಸಲಾಗುತ್ತಿದ್ದು, ದಂತದ ವ್ಯಾಪಾರ ನಿಷೇಧವಾದ ಮೇಲೆ ಬಿಳಿಯ ಭಾಗಗಳಿಗೆ ಪ್ಲಾಸ್ಟಿಕ್ ಮತ್ತು ತಿಳಿಬಣ್ಣದ ಮರಗಳು ಬಂದಿವೆ. ಚನ್ನಪಟ್ಟಣದಲ್ಲಿ ಹಾಲೆ ಮರದ ತುಂಡನ್ನು ಲೇಥಿನಲ್ಲಿ ತಿರುಗಿಸಿ ಆಕಾರ ಕೊಟ್ಟು, ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದಾಗ ಉಂಟಾಗುವ ಬಿಸಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ; ಆ ಬಳಿಕ ಒಣಗಿದ ತಾಳೆಗರಿಯಿಂದ ಉಜ್ಜಿ ಹೊಳಪು ತರಲಾಗುತ್ತದೆ. ಭಾಗಗಳನ್ನು ಜೋಡಿಸಿ ಕಣ್ಣು, ಮೂಗು ಬಿಡಿಸುವ ಕೆಲಸ ಮತ್ತೊಬ್ಬರದಾಗಬಹುದು. ಇಂತಹ ಕಡೆ ಯಾರ ಸಹಿ ಎಂಬ ಪ್ರಶ್ನೆ ನಿಜವಾದದ್ದೇ. ಅದಕ್ಕೆ ಉತ್ತರವನ್ನು ಹೊಯ್ಸಳ ದೇವಾಲಯಗಳೇ ಕೊಟ್ಟಿವೆ: ಒಂದು ಗುಡಿಗೆ ಹಲವರು ದುಡಿದಾಗ ಹಲವರ ಸಹಿಗಳೂ ಇರಬಹುದು, ಎರಡು ಮೂರು ಹೆಸರಿನ ಮೊದಲ ಅಕ್ಷರಗಳಿಗೆ ಆಟಿಕೆಯ ತಳದಲ್ಲಿಯೂ ಜಾಗವಿದೆ.

ಮರದ ಮೇಲೆ ಗುರುತು ಹಾಕುವ ಇನ್ನೊಂದು ಪದ್ಧತಿ ಕರ್ನಾಟಕದಲ್ಲಿ ಬಹುಕಾಲದಿಂದ ಕಟ್ಟುನಿಟ್ಟಾಗಿ ನಡೆದುಬಂದಿದೆ, ಅದು ಅರಣ್ಯ ಇಲಾಖೆಯ ಸುತ್ತಿಗೆ ಮುದ್ರೆ. ಉಕ್ಕಿನ ಸುತ್ತಿಗೆಯ ಮುಖದಲ್ಲಿ ಉಬ್ಬಕ್ಷರಗಳನ್ನು ಕೊರೆದು, ಕಡಿದ ದಿಮ್ಮಿಯ ತುದಿಗೆ ಹೊಡೆದಾಗ ಅಕ್ಷರಗಳು ಮರದಲ್ಲಿ ತಗ್ಗಾಗಿ ಮೂಡುತ್ತವೆ. ಮರ ಯಾರದು, ಅದನ್ನು ಕಡಿಯಲು ಮತ್ತು ಸಾಗಿಸಲು ಅನುಮತಿಯಿದೆಯೇ ಎಂಬುದನ್ನು ತಪಾಸಣೆಯ ಠಾಣೆಯಲ್ಲಿ ಈ ಮುದ್ರೆ ಮತ್ತು ಸಾಗಾಣಿಕೆ ಪರವಾನಗಿಗಳನ್ನು ತಾಳೆ ನೋಡಿ ತಿಳಿಯಲಾಗುತ್ತದೆ. ಅರಣ್ಯ ಕಾನೂನಿನ ಪ್ರಕಾರ ಅಂತಹ ಗುರುತನ್ನು ದುರುದ್ದೇಶದಿಂದ ನಕಲು ಮಾಡುವುದು, ಬದಲಿಸುವುದು, ಅಳಿಸುವುದು ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ತೇಗ, ಬೀಟೆ, ಗಂಧದಂತಹ ಬೆಲೆಬಾಳುವ ಮರಗಳ ನಾಡಿನಲ್ಲಿ ದಿಮ್ಮಿಗೆ ಹೀಗೆ ಕಾನೂನಿನ ರಕ್ಷಣೆಯುಳ್ಳ ಗುರುತಿದೆ, ಪ್ಲೈವುಡ್ ಹಲಗೆಗೆ ಮಾನಕದ ಗುರುತಿದೆ. ಕಾಡಿನಿಂದ ಮನೆಯವರೆಗಿನ ಈ ಸರಪಳಿಯಲ್ಲಿ ಗುರುತು ನಿಂತುಹೋಗುವುದು ಮರವು ಕುಶಲ ಕೈಗೆ ಬಂದು ಬೆಲೆ ಹೆಚ್ಚಿಸಿಕೊಳ್ಳುವ ಘಟ್ಟದಲ್ಲಿಯೇ ಎಂಬುದು ಗಮನಿಸಬೇಕಾದ ಸಂಗತಿ.

ಭೌಗೋಳಿಕ ಸೂಚಿಕೆ, ಎಂದರೆ ಒಂದು ಪ್ರದೇಶಕ್ಕೆ ವಿಶಿಷ್ಟವಾದ ವಸ್ತುವಿನ ಹೆಸರನ್ನು ಬೇರೆಯವರು ಬಳಸದಂತೆ ಕಾಯುವ ನೋಂದಣಿ, ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದೆ. 1999ರಲ್ಲಿ ಅಂಗೀಕಾರವಾಗಿ 2003ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಕಾಯ್ದೆಯಡಿ ಚನ್ನಪಟ್ಟಣದ ಆಟಿಕೆ ಮತ್ತು ಬೊಂಬೆಗಳು, ಮೈಸೂರಿನ ಬೀಟೆ ಇನ್‌ಲೇ, ಕೊಪ್ಪಳ ಜಿಲ್ಲೆಯ ಕಿನ್ನಾಳದ ಬೊಂಬೆಗಳು ನೋಂದಣಿ ಪಡೆದಿವೆ. ಆದರೆ ಭೌಗೋಳಿಕ ಸೂಚಿಕೆ ಊರಿಗೆ ಸಲ್ಲುವ ಗೌರವ. ಚನ್ನಪಟ್ಟಣದ್ದು ಎಂಬುದನ್ನು ಅದು ದೃಢಪಡಿಸುತ್ತದೆ, ಚನ್ನಪಟ್ಟಣದ ಯಾರ ಕೈಯದು ಎಂಬುದನ್ನು ಹೇಳುವುದಿಲ್ಲ. ಕಾಯ್ದೆಯಲ್ಲಿ ಪ್ರತಿಯೊಬ್ಬ ಕುಶಲಕರ್ಮಿಯೂ ‘ಅಧಿಕೃತ ಬಳಕೆದಾರ’ ಎಂದು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವ ಅವಕಾಶವಿದ್ದು, ಅದರ ಬೆಲೆ 2021ರ ಜನವರಿ 1ರಿಂದ ಸ್ಪಷ್ಟವಾಯಿತು. ಅಂದಿನಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದಾಗ, ಭೌಗೋಳಿಕ ಸೂಚಿಕೆಯ ನೋಂದಾಯಿತ ಒಡೆಯರು ಮತ್ತು ಅಧಿಕೃತ ಬಳಕೆದಾರರು ತಯಾರಿಸುವ ಆಟಿಕೆಗಳಿಗೂ, ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳು ಮಾಡಿ ಮಾರುವ ಆಟಿಕೆಗಳಿಗೂ ವಿನಾಯಿತಿ ದೊರೆಯಿತು. ಮಾಡಿದವರು ಯಾರೆಂದು ತೋರಿಸಲು ಸಾಧ್ಯವಾದಾಗ ಮಾತ್ರ ಇಂತಹ ವಿನಾಯಿತಿಗೆ ಅರ್ಥವಿರುತ್ತದೆ.

ಹೊರಗಿನ ಜಗತ್ತಿನಲ್ಲಿ ಈ ವಿಷಯ ಬೇರೆ ಬೇರೆ ದಾರಿ ಹಿಡಿದಿದೆ. ಪ್ಯಾರಿಸ್ ನಗರದ ಪೀಠೋಪಕರಣ ಬಡಗಿಗಳ ವೃತ್ತಿಸಂಘ 1743ರಲ್ಲಿ ರೂಪಿಸಿದ ನಿಯಮಗಳಂತೆ ಪ್ರತಿಯೊಬ್ಬ ಒಡೆಯ ಬಡಗಿಯೂ ತಾನು ಮಾಡಿದ ಕುರ್ಚಿ, ಮೇಜು, ಕಪಾಟುಗಳಿಗೆ ತನ್ನ ಹೆಸರಿನ ಕಬ್ಬಿಣದ ಮುದ್ರೆ ಒತ್ತಬೇಕಾಗಿತ್ತು, ಸಂಘದ ತಪಾಸಕರು ಗುಣಮಟ್ಟ ಒಪ್ಪಿದ ಮೇಲೆ ತಮ್ಮ ಮುದ್ರೆಯನ್ನೂ ಒತ್ತುತ್ತಿದ್ದರು. ಕ್ರಾಂತಿಯ ಕಾಲದಲ್ಲಿ, 1791ರಲ್ಲಿ, ವೃತ್ತಿಸಂಘಗಳು ರದ್ದಾಗುವವರೆಗೆ ನಡೆದ ಈ ಪದ್ಧತಿಯಿಂದಾಗಿಯೇ 18ನೆಯ ಶತಮಾನದ ಫ್ರೆಂಚ್ ಬಡಗಿಗಳ ಹೆಸರುಗಳು ಇಂದು ವಸ್ತುಸಂಗ್ರಹಾಲಯಗಳ ಫಲಕಗಳಲ್ಲಿವೆ. ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ಕಿಲ್‌ಬರ್ನ್ ಗ್ರಾಮದ ರಾಬರ್ಟ್ ಥಾಂಪ್ಸನ್ (1876–1955) ಅಕ್ಷರದ ಗೋಜಿಗೇ ಹೋಗದೆ ತನ್ನ ಓಕ್ ಮರದ ಕೆಲಸಗಳ ಮೇಲೆ ಒಂದು ಪುಟ್ಟ ಇಲಿಯನ್ನು ಕೆತ್ತುತ್ತಿದ್ದ, ಅವನ ಕಾರ್ಯಾಗಾರ ಆ ಗುರುತನ್ನು ಮುಂದುವರಿಸಿದೆ.

ಸಹಿಯನ್ನು ನಿರಾಕರಿಸುವ ವಾದವೂ ಹಗುರವಾದದ್ದಲ್ಲ. ಜಪಾನಿನ ಚಿಂತಕ ಸೊಯೆತ್ಸು ಯಾನಗಿ (1889–1961) ಅನಾಮಿಕ ಕುಶಲಕರ್ಮಿಗಳು ನಿತ್ಯಬಳಕೆಗೆಂದು ಮಾಡಿದ ವಸ್ತುಗಳಲ್ಲಿಯೇ ನಿಜವಾದ ಸೌಂದರ್ಯವಿದೆಯೆಂದು ಪ್ರತಿಪಾದಿಸಿದರು. ಅವರ ಒಡನಾಡಿ ಕುಂಬಾರ ಶೋಜಿ ಹಮಾದ ತಮ್ಮ ಮಡಕೆಗಳಿಗೆ ಸಹಿ ಹಾಕುವುದನ್ನು ಬಿಟ್ಟಿದ್ದರು. 1930ರ ದಶಕದ ಕೊನೆಯಲ್ಲಿ ಪಾಂಡಿಚೇರಿಯ ಅರವಿಂದಾಶ್ರಮದ ಗೋಲ್ಕೊಂಡ ಕಟ್ಟಡಕ್ಕಾಗಿ ದುಡಿದು, ಮುಂದೆ ಅಮೆರಿಕದಲ್ಲಿ ಹೆಸರಾಂತ ಮರಗೆಲಸಗಾರರಾದ ಜಾರ್ಜ್ ನಕಶಿಮಾ ಕೂಡ ಬಹುಕಾಲ ಮೇಜಿನ ಅಡಿಯಲ್ಲಿ ಗಿರಾಕಿಯ ಹೆಸರನ್ನಷ್ಟೇ ಬರೆಯುತ್ತಿದ್ದು, ತಮ್ಮ ಸಹಿಯನ್ನು ಹಾಕತೊಡಗಿದ್ದು ಕೊನೆಯ ವರ್ಷಗಳಲ್ಲಿ. ಅಹಂಕಾರ ಕೆಲಸದ ಮುಂದೆ ನಿಲ್ಲಬಾರದು ಎಂಬ ಈ ನಿಲುವು ಗೌರವಕ್ಕೆ ಅರ್ಹವಾದದ್ದು. ಆದರೆ ಹೆಸರನ್ನು ಬಿಟ್ಟುಕೊಡುವ ಆಯ್ಕೆ ಹೆಸರುಳ್ಳವರಿಗೆ ಮಾತ್ರ ಇರುತ್ತದೆ. ಹಮಾದರ ಮಡಕೆಯೂ ನಕಶಿಮಾರ ಮೇಜೂ ಸಹಿಯಿಲ್ಲದೆಯೂ ಅವರದೆಂದೇ ಗುರುತಾಗುತ್ತವೆ, ಏಕೆಂದರೆ ಅವರ ಬಗ್ಗೆ ಪುಸ್ತಕಗಳಿವೆ, ಕಾರ್ಯಾಗಾರದ ದಾಖಲೆಗಳಿವೆ. ಬ್ರೂಕ್‌ಫೀಲ್ಡಿನ ಫ್ಲ್ಯಾಟಿನಲ್ಲಿ ಕಪಾಟು ನಿಲ್ಲಿಸಿ ಮುಂದಿನ ಕಟ್ಟಡಕ್ಕೆ ಹೋದ, ರಾಜಸ್ಥಾನದಿಂದಲೋ ಉತ್ತರ ಪ್ರದೇಶದಿಂದಲೋ ಕೇರಳದಿಂದಲೋ ಕರ್ನಾಟಕದ ಬೇರೊಂದು ಜಿಲ್ಲೆಯಿಂದಲೋ ಬಂದ ಬಡಗಿಗೆ ಅನಾಮಿಕತೆ ತಾವೇ ಆರಿಸಿಕೊಂಡ ತತ್ತ್ವವಲ್ಲ.

ಇನ್ನು ಗುರುತು ಹಾಕುವ ವಿಧಾನಗಳ ವಿಚಾರ. ಎಲ್ಲಕ್ಕಿಂತ ಸರಳವಾದದ್ದು ಪೆನ್ಸಿಲ್. ಪೆನ್ಸಿಲಿನ ಗ್ರಾಫೈಟ್ ಬೆಳಕಿಗೆ ಮಾಸುವುದಿಲ್ಲವಾದ್ದರಿಂದ, ಡ್ರಾಯರಿನ ತಳದಲ್ಲಿಯೋ ಕುರ್ಚಿಯ ಆಸನದ ಅಡಿಯಲ್ಲಿಯೋ ಬರೆದು ಮೇಲೆ ತೆಳುವಾಗಿ ಪಾಲಿಶ್ ಕೊಟ್ಟರೆ ತಲೆಮಾರುಗಳವರೆಗೆ ಓದಲು ಬರುತ್ತದೆ. ಶಾಯಿಯ ಪೆನ್ನಿನಲ್ಲಿ ಬರೆಯುವವರು ಎರಡು ತೊಂದರೆಗಳನ್ನು ತಿಳಿದಿರಬೇಕು. ಬರಿಮರದ ಮೇಲೆ ಬರೆದಾಗ ಶಾಯಿ ಮರದ ಎಳೆಗಳ ಉದ್ದಕ್ಕೂ ಹರಿದು ಅಕ್ಷರ ಕದಡುತ್ತದೆ. ಮಾರ್ಕರ್ ಪೆನ್ನುಗಳ ಶಾಯಿ ಸ್ಪಿರಿಟಿನಲ್ಲಿ ಕರಗುವಂಥದ್ದಾದರೆ ಅದರ ಮೇಲೆ ಸ್ಪಿರಿಟ್ ಪಾಲಿಶ್, ಎಂದರೆ ಅರಗನ್ನು ಸ್ಪಿರಿಟಿನಲ್ಲಿ ಕರಗಿಸಿದ ಮೆರುಗು ಬಳಿದ ಕೂಡಲೇ ಸಹಿ ಹರಡಿಹೋಗುತ್ತದೆ. ಮೊದಲು ಒಂದು ತೆಳುವಾದ ಲೇಪ ಕೊಟ್ಟು ಒಣಗಿದ ಮೇಲೆ, ನೀರಿಗೂ ಸ್ಪಿರಿಟಿಗೂ ಕರಗದ ಶಾಯಿಯಿಂದ ಬರೆದು, ಅದು ಪೂರ್ತಿ ಆರಿದ ಬಳಿಕ ಉಳಿದ ಲೇಪಗಳನ್ನು ಕೊಡುವುದು ಸರಿಯಾದ ಕ್ರಮ. ಕಾಗದದ ಚೀಟಿ ಅಂಟಿಸುವುದು ಸುಲಭವಾದರೂ ಅಂಟು ಬಿಡುತ್ತದೆ, ಜಿರಳೆ ಮತ್ತು ಬೆಳ್ಳಿಹುಳು ಅದನ್ನು ತಿನ್ನುತ್ತವೆ, ಜೊತೆಗೆ ಚೀಟಿಯನ್ನು ಯಾರು ಬೇಕಾದರೂ ಬದಲಿಸಬಹುದು. ಇಟಲಿಯ ಕ್ರೆಮೊನಾದ ಆಂಟೋನಿಯೊ ಸ್ಟ್ರಾಡಿವರಿ ತನ್ನ ಪಿಟೀಲುಗಳ ಒಳಗೆ ಅಂಟಿಸುತ್ತಿದ್ದ ಚೀಟಿಯ ನಕಲುಗಳನ್ನು ಮುಂದೆ ಸಾವಿರಾರು ಅಗ್ಗದ ಪಿಟೀಲುಗಳಿಗೆ ಅಂಟಿಸಲಾಗಿದ್ದು, ಚೀಟಿಯೊಂದನ್ನೇ ನಂಬಿ ವಾದ್ಯಕ್ಕೆ ಬೆಲೆ ಕಟ್ಟುವವರು ಇಂದು ಯಾರೂ ಇಲ್ಲ.

ಬರೆ ಮುದ್ರೆ ಇದಕ್ಕಿಂತ ಗಟ್ಟಿಯಾದದ್ದು. ಹಿತ್ತಾಳೆಯ ತುಂಡಿನಲ್ಲಿ ಹೆಸರನ್ನು ತಿರುಗುಮುರುಗಾಗಿ ಉಬ್ಬಿಸಿ ಕೊರೆಸಿ, ವಿದ್ಯುತ್ತಿನಿಂದಲೋ ಗ್ಯಾಸಿನ ಜ್ವಾಲೆಯಿಂದಲೋ ಕಾಯಿಸಿ ಮರಕ್ಕೆ ಕೆಲವು ಸೆಕೆಂಡುಗಳ ಕಾಲ ಒತ್ತಿದಾಗ ಅಕ್ಷರದ ಆಕಾರಕ್ಕೆ ಮರ ಸುಡುತ್ತದೆ. ಹಿತ್ತಾಳೆ ಬಿಸಿಯನ್ನು ಸಮನಾಗಿ ಹರಡುವುದರಿಂದ ಅದನ್ನೇ ಬಳಸುತ್ತಾರೆ, ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಅಚ್ಚು ಕೊರೆಯುವ ಯಂತ್ರಶಾಲೆಗಳಲ್ಲಿ ಅದನ್ನು ಮಾಡಿಸಬಹುದು. ಮುದ್ರೆ ಒತ್ತುವುದು ಪಾಲಿಶ್ ಕೊಡುವ ಮೊದಲೇ ಆಗಬೇಕು, ಲೇಪದ ಮೇಲೆ ಒತ್ತಿದರೆ ಲೇಪ ಕರಗಿ ಅಂಚು ಕೆಡುತ್ತದೆ. ಅದೇ ಮರದ ಚೂರಿನ ಮೇಲೆ ಮೊದಲು ಒತ್ತಿ ನೋಡದೆ ಕೆಲಸದ ಮೇಲೆ ಒತ್ತಲೇಬಾರದು. ಹಾಲೆ, ಹಲಸು, ಸಿಲ್ವರ್ ಓಕ್‌ನಂತಹ ತಿಳಿಬಣ್ಣದ ಮರಗಳಲ್ಲಿ ಬರೆ ಚೆನ್ನಾಗಿ ಎದ್ದು ಕಾಣುತ್ತದೆ. ಬೀಟೆಯಂತಹ ಕಪ್ಪು ಛಾಯೆಯ ಮರದಲ್ಲಿ ಸುಟ್ಟ ಅಕ್ಷರ ಕಣ್ಣಿಗೆ ಬೀಳದಿರುವುದರಿಂದ ತಿಳಿಬಣ್ಣದ ಮರದ ಬಿಲ್ಲೆಯನ್ನು ಕುಳಿ ತೋಡಿ ಕೂರಿಸಿ ಅದರ ಮೇಲೆ ಗುರುತು ಹಾಕುವುದು ಒಳ್ಳೆಯದು, ಮೈಸೂರಿನ ಇನ್‌ಲೇ ಕಲಾವಿದರಿಗಂತೂ ಇದು ಸಹಜವಾಗಿ ಒದಗುವ ದಾರಿ. ಸೌಟು, ಮಣೆ, ಲಟ್ಟಣಿಗೆ ಮುಂತಾದ ಅಡುಗೆಯ ವಸ್ತುಗಳಿಗೆ ಶಾಯಿಗಿಂತ ಬರೆಯೇ ಸೂಕ್ತ, ಏಕೆಂದರೆ ತೊಳೆದರೂ ಅದು ಹೋಗುವುದಿಲ್ಲ, ಆಹಾರಕ್ಕೂ ಏನೂ ಬೆರೆಯುವುದಿಲ್ಲ. ಮಕ್ಕಳು ಬಾಯಿಗೆ ಹಾಕುವ ಆಟಿಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ ಉಕ್ಕಿನ ಅಕ್ಷರ ಪಂಚುಗಳನ್ನು ಸುತ್ತಿಗೆಯಿಂದ ಹೊಡೆದು ಗುರುತು ಮೂಡಿಸುವುದು ಇನ್ನೊಂದು ಬಗೆ, ಗಟ್ಟಿ ಮರಗಳಲ್ಲಿ ಇದು ಸ್ವಚ್ಛವಾಗಿ ಮೂಡುತ್ತದೆ. ಆದರೆ ಇಂತಹ ಪಂಚುಗಳಲ್ಲಿ ಸುಲಭವಾಗಿ ಸಿಗುವುದು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳು ಮಾತ್ರ. ಕನ್ನಡದಲ್ಲಿ ಸಹಿ ಬೇಕೆನ್ನುವವರು ಬರೆ ಮುದ್ರೆಯನ್ನೋ ಲೇಸರ್ ಯಂತ್ರವನ್ನೋ ಉಳಿಯನ್ನೋ ಆಶ್ರಯಿಸಬೇಕಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರ್ ಹೊರಸೂಸುವ ಕಿರಣವನ್ನು ಮರ ಚೆನ್ನಾಗಿ ಹೀರಿಕೊಳ್ಳುವುದರಿಂದ ಅದು ಅತಿ ಸಣ್ಣ ಅಕ್ಷರಗಳನ್ನೂ ಸುಟ್ಟು ಕೊರೆಯಬಲ್ಲದು. ಕನ್ನಡದ ಒತ್ತಕ್ಷರಗಳು ಮತ್ತು ಅಕ್ಷರದ ಒಳಗಿನ ಪುಟ್ಟ ಸುರುಳಿಗಳು ಸುಟ್ಟ ಕಪ್ಪಿನಲ್ಲಿ ಮುಚ್ಚಿಹೋಗದಂತೆ ಅಕ್ಷರದ ಗಾತ್ರವನ್ನು ಇಂಗ್ಲಿಷಿಗಿಂತ ಹೆಚ್ಚಿಸಿ, ತೆಳುಗೆರೆಯ ಅಕ್ಷರವಿನ್ಯಾಸವನ್ನು ಆರಿಸಿಕೊಳ್ಳಬೇಕು.

ಉಳಿಯಿಂದ ಕನ್ನಡವನ್ನು ಕೆತ್ತುವವರಿಗೆ ಮರದ ಎಳೆಯೇ ಗುರು. ತಾಳೆಗರಿಯ ಮೇಲೆ ಕಂಟದಿಂದ, ಎಂದರೆ ಕೊರೆದು ಬರೆಯುವ ಲೋಹದ ಕಡ್ಡಿಯಿಂದ ಬರೆಯುವಾಗ ಗರಿಯ ನಾರಿನ ಗುಂಟ ನೇರ ಗೆರೆ ಎಳೆದರೆ ಅದು ಸೀಳುವುದರಿಂದ ದಕ್ಷಿಣದ ಲಿಪಿಗಳು ದುಂಡಗಾದವು ಎಂಬ ವಿವರಣೆಯನ್ನು ಲಿಪಿಯ ಚರಿತ್ರೆಯಲ್ಲಿ ಕೊಡಲಾಗುತ್ತದೆ. ಮರದಲ್ಲಿಯೂ ಎಳೆಯ ಉದ್ದಕ್ಕೆ ಹೋಗುವ ಉಳಿ ಜಾರಿ ಸೀಳುತ್ತದೆ. ಕನ್ನಡದ ಪ್ರತಿಯೊಂದು ಸುತ್ತೂ ಎಳೆಯನ್ನು ಮತ್ತೆ ಮತ್ತೆ ದಾಟುವುದರಿಂದ, ಸುತ್ತಿನ ಪ್ರತಿ ಕಾಲುಭಾಗದಲ್ಲಿಯೂ ಉಳಿಯ ದಿಕ್ಕನ್ನು ಎಳೆ ಇಳಿಯುವ ಕಡೆಗೆ ಬದಲಿಸುತ್ತ ಕೆತ್ತಬೇಕು. ‘ವಿ’ ಆಕಾರದ ಬಾಯಿಯುಳ್ಳ ಕೆತ್ತನೆಯ ಉಳಿ ಇದಕ್ಕೆ ಹೆಚ್ಚು ಅನುಕೂಲ. ಇದು ನಿಧಾನದ ಕೆಲಸ, ಹಾಗಾಗಿ ಮಲ್ಲಿತಮ್ಮನಂತೆ ಒಂದೇ ಅಕ್ಷರವನ್ನು ಆರಿಸಿಕೊಂಡು ಅದನ್ನು ಎಲ್ಲ ಕೆಲಸಗಳ ಮೇಲೂ ಒಂದೇ ರೀತಿಯಲ್ಲಿ ಕೆತ್ತುವುದು ಜಾಣತನ.

ಹೆಸರಿನೊಂದಿಗೆ ಊರು ಮತ್ತು ನಾಲ್ಕು ಅಂಕಿಗಳ ವರ್ಷ ಇರಲೇಬೇಕು. ಮೊಬೈಲ್ ಸಂಖ್ಯೆ ಕೆಲವೇ ವರ್ಷಗಳಲ್ಲಿ ಬದಲಾಗಬಹುದು, ಊರಿನ ಹೆಸರು ಬದಲಾಗುವುದು ವಿರಳ. ಮರದ ಹೆಸರನ್ನೂ ಬರೆಯುವುದು ಉಪಯುಕ್ತ, ಆದರೆ ಅದನ್ನು ಖಚಿತಪಡಿಸಿಕೊಂಡು ಬರೆಯಬೇಕು. ಪೇಟೆಯಲ್ಲಿ ಶೀಶಮ್ ಎಂಬ ಒಂದೇ ಹೆಸರಿನಲ್ಲಿ ಉತ್ತರ ಭಾರತದ ಸಿಸ್ಸೂ ಮರವೂ ಮಲೆನಾಡಿನ ಬೀಟೆಯೂ ಮಾರಾಟವಾಗುವುದುಂಟು, ತೇಗದ ಹೆಸರಿನಲ್ಲಿ ಬೇರೆ ದೇಶಗಳ ತೇಗಗಳು ಬರುತ್ತವೆ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರದ ತುಣುಕನ್ನು ಪರೀಕ್ಷಿಸಿ ಜಾತಿ ಗುರುತಿಸಿ ಕೊಡುವ ವ್ಯವಸ್ಥೆಯಿದೆ. 2017ರ ಜನವರಿಯಲ್ಲಿ ಬೀಟೆಯ ಕುಲದ ಬಹುತೇಕ ಮರಗಳೆಲ್ಲವೂ ಅಳಿವಿನಂಚಿನ ಪ್ರಭೇದಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿದ ಬಳಿಕ, ಬೀಟೆಯ ವಸ್ತುವನ್ನು ಹೊರದೇಶಕ್ಕೆ ಕಳಿಸುವವರಿಗೆ ಇಂತಹ ದಾಖಲೆ ಗೌರವದ ಮಾತಾಗಿ ಉಳಿಯದೆ ಅವಶ್ಯಕತೆಯೇ ಆಗಿದೆ. ಯಾವ ಪಾಲಿಶ್ ಕೊಡಲಾಗಿದೆ ಎಂಬ ಒಂದು ಪದವನ್ನೂ ಸೇರಿಸಿದರೆ ಮುಂದೆ ರಿಪೇರಿ ಮಾಡುವವರು ಕೃತಜ್ಞರಾಗಿರುತ್ತಾರೆ, ಏಕೆಂದರೆ ಅರಗಿನ ಮೆರುಗನ್ನು ಸರಿಪಡಿಸುವ ಬಗೆಯೇ ಬೇರೆ, ಪಿಯು, ಎಂದರೆ ಪಾಲಿಯುರೆಥೇನ್ ಲೇಪವನ್ನು ಸರಿಪಡಿಸುವ ಬಗೆಯೇ ಬೇರೆ. ಹಾಗೆ ರಿಪೇರಿ ಮಾಡಿದವರು ಹಳೆಯ ಸಹಿಯನ್ನು ಉಜ್ಜಿ ಹಾಕದೆ, ಅದರ ಪಕ್ಕದಲ್ಲಿ ‘ದುರಸ್ತಿ’ ಎಂದು ಬರೆದು ತಮ್ಮ ಹೆಸರು, ವರ್ಷಗಳನ್ನು ಸೇರಿಸಬೇಕು.

ಕಾನೂನು ಕೂಡ ಮಾಡಿದವರ ಹೆಸರಿಗೆ ಬೆಲೆ ಕೊಡುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆ ಕಲಾತ್ಮಕ ಕುಶಲಕೃತಿಯನ್ನೂ ಕಲಾಕೃತಿಗಳಲ್ಲಿ ಒಂದೆಂದು ಪರಿಗಣಿಸುತ್ತದೆ, ಅದರ 57ನೆಯ ಕಲಮು ಕೃತಿಯನ್ನು ಮಾರಿದ ಮೇಲೂ ಅದು ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು ಕೃತಿಕಾರರಿಗೆ ಉಳಿಸಿಕೊಡುತ್ತದೆ. ದೆಹಲಿಯ ವಿಜ್ಞಾನ ಭವನದ ಕಂಚಿನ ಭಿತ್ತಿಶಿಲ್ಪವನ್ನು ಸರ್ಕಾರ ಕಿತ್ತುಹಾಕಿದ್ದರ ವಿರುದ್ಧ ಶಿಲ್ಪಿ ಅಮರ್‌ನಾಥ್ ಸೆಹಗಲ್ ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ 2005ರಲ್ಲಿ ಈ ಕಲಮಿನ ಆಧಾರದ ಮೇಲೆಯೇ ಶಿಲ್ಪಿಯ ಪರವಾಗಿ ತೀರ್ಪಿತ್ತಿತು. ತಮ್ಮ ಗುರುತನ್ನು ವ್ಯಾಪಾರದ ಚಿಹ್ನೆಯಾಗಿ ನೋಂದಾಯಿಸಲು ಬಯಸುವವರಿಗೆ ಪೀಠೋಪಕರಣ ಮತ್ತು ಮರದ ವಸ್ತುಗಳು 20ನೆಯ ವರ್ಗದಲ್ಲಿ, ಆಟಿಕೆಗಳು 28ನೆಯ ವರ್ಗದಲ್ಲಿ ಬರುತ್ತವೆ. ಒಮ್ಮೆ ಪಡೆದ ನೋಂದಣಿ ಹತ್ತು ವರ್ಷ ಚಾಲ್ತಿಯಲ್ಲಿದ್ದು ಬಳಿಕ ನವೀಕರಿಸಬಹುದು. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಬಡಗಿಗಳೂ ಸೇರಿದಂತೆ 18 ಕಸುಬಿನವರಿಗೆ ಗುರುತಿನ ಚೀಟಿ ಮತ್ತು ಪ್ರಮಾಣಪತ್ರ ಕೊಡುತ್ತಿದೆ. ಅದು ವ್ಯಕ್ತಿಗೆ ಸಿಗುವ ಗುರುತಾದ್ದರಿಂದ, ಆ ವ್ಯಕ್ತಿ ಮಾಡಿದ ವಸ್ತುವಿನ ಮೇಲಿನ ಗುರುತನ್ನು ಅವರೇ ಹಾಕಿಕೊಳ್ಳಬೇಕಾಗಿದೆ, ಹಾಕಿಸಿಕೊಳ್ಳುವ ಮನಸ್ಸು ಕೊಳ್ಳುವವರಿಗೂ ಇರಬೇಕಾಗಿದೆ.

ಆದ್ದರಿಂದ ಹೊಸ ಮನೆಗೆ ಕಪಾಟು, ಮಂಚ, ದೇವರ ಮಂಟಪ ಮಾಡಿಸುವವರು ಗುತ್ತಿಗೆದಾರರೊಂದಿಗಿನ ಒಪ್ಪಂದದಲ್ಲಿ ಒಂದು ಸಾಲನ್ನು ಸೇರಿಸಿಕೊಳ್ಳಬೇಕು: ಪ್ರತಿಯೊಂದು ವಸ್ತುವಿನ ಒಳಭಾಗದಲ್ಲಿ, ಅದನ್ನು ಮಾಡಿದ ಬಡಗಿಯ ಹೆಸರು, ಊರು ಮತ್ತು ವರ್ಷವನ್ನು ಅವರು ಒಪ್ಪಿದಲ್ಲಿ ಅವರದೇ ಭಾಷೆಯಲ್ಲಿ ಬರೆಸತಕ್ಕದ್ದು. ಇದಕ್ಕೆ ತಗಲುವ ಖರ್ಚು ಒಂದು ಪೆನ್ಸಿಲಿನಷ್ಟು.